ಹಳೆಯ ಸಿಸ್ಟಮ್, ದೊಡ್ಡ ಹಾರ್ಡ್ ಡಿಸ್ಕ್: ಕಾಣುವ ಅಂಕಿಯಿಂದಲೇ ದೋಷ ಹಿಡಿಯುವ ಬಗೆ

ಹಳೆಯ ಸಿಸ್ಟಮ್‌ಗೆ ಹೊಸ ಡಿಸ್ಕ್ ಕೂರಿಸಿ ಆನ್ ಮಾಡಿದ್ದೀರಿ, ಪೂರ್ತಿ ಜಾಗ ಕಾಣುತ್ತಿಲ್ಲ. ಮೊದಲು ಒಂದು ಚೀಟಿ ತೆಗೆದುಕೊಂಡು ಎಷ್ಟು ಕಾಣುತ್ತಿದೆಯೋ ಆ ಅಂಕಿ ಬರೆದುಕೊಳ್ಳಿ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನ ಸ್ವಂತ ಪ್ರೋಗ್ರಾಂ) ಎಷ್ಟು, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಷ್ಟು, ಎರಡೂ ಬೇಕು. ಅಲ್ಲಿಯವರೆಗೆ ಫಾರ್ಮ್ಯಾಟ್ ಹೊಡೆಯಬೇಡಿ. ಡಿಸ್ಕ್ ಇನಿಷಿಯಲೈಸ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ.

ಡಿಸ್ಕ್‌ಗೂ ನಿಮ್ಮ ಫೈಲಿಗೂ ನಡುವೆ ಐದಾರು ಕೈ ದಾಟಬೇಕು. ಡಿಸ್ಕ್‌ನ ಸ್ವಂತ ಸರ್ಕ್ಯೂಟ್, ಕೇಬಲ್ ಅಥವಾ ಡಿಸ್ಕನ್ನು ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಾಕ್, ಮದರ್‌ಬೋರ್ಡ್‌ನ ಬಯೋಸ್, ವಿಂಡೋಸ್‌ನ ಡ್ರೈವರ್, ಡಿಸ್ಕ್‌ನ ಭಾಗಗಳ ಪಟ್ಟಿಯಾದ ಪಾರ್ಟಿಷನ್ ಟೇಬಲ್, ಅದರ ಮೇಲೆ ಫೈಲ್ ಸಿಸ್ಟಮ್. ಸೆಕ್ಟರ್‌ಗಳನ್ನು, ಅಂದರೆ ಡಿಸ್ಕ್‌ನ ಸಣ್ಣ ಸಣ್ಣ ಖಾನೆಗಳನ್ನು, ಎಣಿಸಲು ಇವುಗಳಲ್ಲಿ ಒಂದೊಂದಕ್ಕೂ ಇಷ್ಟೇ ಅಂಕಿಯ ಮನೆಗಳು ಎಂದು ಅದು ತಯಾರಾದ ದಿನವೇ ನಿಗದಿಯಾಗಿರುತ್ತದೆ. ಹಳೆಯ ಸ್ಕೂಟರಿನ ಮೀಟರಿಗೆ ಐದೇ ಮನೆ ಇದ್ದ ಹಾಗೆ. ಯಾವುದರ ಮನೆ ಮೊದಲು ತುಂಬುತ್ತದೋ ಅಲ್ಲಿಗೆ ನಿಮ್ಮ ಡಿಸ್ಕ್ ಮುಗಿಯಿತು. ಒಬ್ಬೊಬ್ಬರ ಮಿತಿಯೂ ಬೇರೆ ಬೇರೆ ಅಂಕಿಯಲ್ಲಿ ಬೀಳುವುದರಿಂದ, ಕಾಣುವ ಅಂಕಿಯೇ ತಪ್ಪು ಯಾರದೆಂದು ಹೇಳಿಬಿಡುತ್ತದೆ. ಅದನ್ನು ನೋಡದೆ ಡಿಸ್ಕನ್ನೇ ಕೆಟ್ಟದ್ದೆಂದು ಅಂಗಡಿಗೆ ಹಿಂತಿರುಗಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇಷ್ಟು ಹಳೆಯ ಯಂತ್ರ ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳುವವರಿದ್ದಾರೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಿಗೆ, ಸಣ್ಣ ಮುದ್ರಣಾಲಯಗಳಿಗೆ ಹೋಗಿ ನೋಡಿ. ಪೇಜ್‌ಮೇಕರ್, ಯೂನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟ್‌ಗಳು, ಪ್ರಿಂಟರ್ ಪೋರ್ಟ್‌ಗೆ ಚುಚ್ಚುವ ಡಾಂಗಲ್ (ಸಾಫ್ಟ್‌ವೇರ್‌ನ ಬೀಗದ ಕೈ), ಇವೆಲ್ಲ ಅಲ್ಲಿನ ಹಳೆಯ ವಿಂಡೋಸ್ ಎಕ್ಸ್‌ಪಿ ಸಿಸ್ಟಮ್‌ನಲ್ಲಿ ಮಾತ್ರ ಓಡುತ್ತವೆ. ಹದಿನೈದು ವರ್ಷದ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲ ಅದರೊಳಗಿವೆ. ಅಂಥ ಯಂತ್ರವನ್ನು ಬಿಸಾಡಿ ಎನ್ನುವುದು ಸುಲಭ. ಅದನ್ನು ನಂಬಿ ಅನ್ನ ತಿನ್ನುವವರಿಗೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಸುಳ್ಳು ಗಾಬರಿ ಕಳೆಯೋಣ

ಡಿಸ್ಕ್ ಮಾಡುವವರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1,07,37,41,824 ಬೈಟ್ ಎಂದು ಎಣಿಸುತ್ತದೆ. ಆದ್ದರಿಂದ 250 ಜಿಬಿ ಡಿಸ್ಕ್ 232 ಎಂದೂ, 500 ಜಿಬಿ 465 ಎಂದೂ, 1 ಟಿಬಿ 931 ಎಂದೂ, 2 ಟಿಬಿ 1863 ಎಂದೂ ಕಂಡರೆ ಏನೂ ಕೆಟ್ಟಿಲ್ಲ. ಸುಮಾರು ನೂರಕ್ಕೆ ಏಳರಿಂದ ಒಂಬತ್ತರಷ್ಟು ಕಡಿಮೆ ಕಾಣುವುದು ಲೆಕ್ಕದ ವ್ಯತ್ಯಾಸ ಮಾತ್ರ. ಅದಕ್ಕಿಂತ ಹೆಚ್ಚು ಖೋತಾ ಇದ್ದರೆ ಮುಂದೆ ಓದಿ.

ಇನ್ನೊಂದು, ಬಯೋಸ್ ಒಳಗೆ ಹೋದಾಗ ದಿನಾಂಕವೂ ತಪ್ಪಿದೆಯೇ ನೋಡಿ. ತಪ್ಪಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ಬಟನ್ ಸೆಲ್ ಸತ್ತಿದೆ. ಸೆಲ್ ಸತ್ತರೆ ಡಿಸ್ಕ್‌ನ ಸೆಟಿಂಗ್‌ಗಳೂ ಮರೆತುಹೋಗುತ್ತವೆ. ಒಂದು ದಿನ ಡಿಟೆಕ್ಟ್ ಆಗಿ ಇನ್ನೊಂದು ದಿನ ಆಗದೇ ಇರುವ ಕಾಟಕ್ಕೆ ಎಷ್ಟೋ ಸಲ ಇದೇ ಕಾರಣ. ಹೊಸ ಸೆಲ್ ಹಾಕಿ, ಡಿಸ್ಕ್ ಸೆಟಿಂಗನ್ನು ಆಟೋ ಮತ್ತು ಎಲ್‌ಬಿಎಗೆ (ಸೆಕ್ಟರ್‌ಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಬಗೆ) ಇಟ್ಟು ಸೇವ್ ಮಾಡಿ. ಆಮೇಲೆ ಬೇರೆ ಹುಡುಕಾಟ.

ಡಿಸ್ಕ್ ಕಾಣುವುದೇ ಇಲ್ಲ

ಕ್ಯಾಬಿನೆಟ್ ತೆರೆದು, ಸ್ವಿಚ್ ಹಾಕುವಾಗ ಡಿಸ್ಕ್ ಮೇಲೆ ಬೆರಳು ಇಡಿ. ತಟ್ಟೆ ತಿರುಗುವ ಸಣ್ಣ ನಡುಕ ಬೆರಳಿಗೆ ತಿಳಿಯಬೇಕು.

ನಡುಕ ಇದೆ, ಆದರೂ ಬಯೋಸ್‌ಗೆ ಕಾಣುತ್ತಿಲ್ಲ ಎಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಎಂಬ ಸಂಪರ್ಕದ ವೇಗದ ತಕರಾರು ಇರಬಹುದು. ವಿಯಾ ವಿಟಿ8237 ಮತ್ತು ವಿಟಿ8237ಆರ್ ಚಿಪ್ ಇರುವ ಬೋರ್ಡ್‌ಗಳು ಸೆಕೆಂಡಿಗೆ 1.5 ಗಿಗಾಬಿಟ್‌ನ ಮೊದಲ ತಲೆಮಾರಿನ ಸಾಟಾ ಮಾತ್ರ ಬಲ್ಲವು. 3 ಗಿಗಾಬಿಟ್‌ನ ಡಿಸ್ಕ್ ಹಾಕಿದರೆ ವೇಗ ಇಳಿಸಿಕೊಂಡು ಮಾತಾಡಬೇಕಾದದ್ದು, ಅದಾಗದೆ ಸುಮ್ಮನಾಗಿಬಿಡುತ್ತವೆ. ಚಿಪ್ ಮೇಲಿನ ಹೆಸರನ್ನು ಟಾರ್ಚ್ ಹಿಡಿದು ಓದಿ. ಆ ಕಾಲದ ಬಹಳ ಡಿಸ್ಕ್‌ಗಳಲ್ಲಿ ವೇಗವನ್ನು 1.5ಕ್ಕೆ ಕಟ್ಟಿಹಾಕುವ ಜಂಪರ್ (ಎರಡು ಪಿನ್ ಬೆಸೆಯುವ ಸಣ್ಣ ಟೊಪ್ಪಿ) ಇರುತ್ತದೆ, ಯಾವ ಪಿನ್ ಎಂಬುದು ಲೇಬಲ್ ಮೇಲೇ ಇರುತ್ತದೆ. ಜಂಪರ್ ಇಲ್ಲದ ಹೊಸ ಡಿಸ್ಕ್ ಆದರೆ ಬೇರೆ ಸಾಟಾ ಕಾರ್ಡ್ ಹಾಕುವುದೇ ದಾರಿ.

ನಡುಕವೇ ಇಲ್ಲ, ಡಿಸ್ಕ್ ಸತ್ತಂತೆ ಬಿದ್ದಿದೆ. ಅದು 8 ಟಿಬಿ, 10 ಟಿಬಿಯಂಥ ಹೊಸ ಡಿಸ್ಕ್, ಅದರಲ್ಲೂ ಎಕ್ಸ್‌ಟರ್ನಲ್ ಪೆಟ್ಟಿಗೆ ಒಡೆದು ಹೊರತೆಗೆದದ್ದಾಗಿದ್ದರೆ, ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಪವರ್ ಕನೆಕ್ಟರ್ ನೋಡಿ. ಸಾಟಾ 3.3 ಮಾನದಂಡದಲ್ಲಿ ಪವರ್ ಕನೆಕ್ಟರಿನ 3ನೇ ಪಿನ್‌ಗೆ ಹೊಸ ಕೆಲಸ ಕೊಟ್ಟರು. ಅಲ್ಲಿಗೆ 3.3 ವೋಲ್ಟ್ ಬಂದರೆ ಡಿಸ್ಕ್ ನಿಲ್ಲಬೇಕು ಎಂದು ಅರ್ಥ. ಹಳೆಯ ಎಸ್‌ಎಂಪಿಎಸ್‌ಗಳೋ (ಕ್ಯಾಬಿನೆಟ್‌ನ ಪವರ್ ಸಪ್ಲೈ), ಅಂದಿನ ನಿಯಮದಂತೆ ಆ ಪಿನ್‌ಗೆ ಸದಾ 3.3 ವೋಲ್ಟ್ ಕೊಡುತ್ತವೆ. ಎರಡೂ ತಮ್ಮ ತಮ್ಮ ನಿಯಮ ಪಾಲಿಸುತ್ತಿವೆ, ಡಿಸ್ಕ್ ಮಾತ್ರ ತಿರುಗುವುದಿಲ್ಲ. ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೆ, ಅದರಲ್ಲಿ 3.3 ವೋಲ್ಟ್‌ನ ತಂತಿಯೇ ಇರದ ಕಾರಣ, ಡಿಸ್ಕ್ ಎದ್ದು ಕೂರುತ್ತದೆ. ಅಡಾಪ್ಟರ್ ಕೊಳ್ಳುವಾಗ ತಂತಿಗಳ ಸುತ್ತ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದ್ದನ್ನು ತೆಗೆದುಕೊಳ್ಳಬೇಡಿ, ಅಂಥವು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ತಂತಿ ಒಂದೊಂದಾಗಿ ಬಿಡಿಬಿಡಿಯಾಗಿ ಕಚ್ಚಿಸಿದ್ದು ಕಾಣುವಂಥದ್ದನ್ನೇ ಆರಿಸಿ. ಅಡಾಪ್ಟರ್ ಸಿಗದಿದ್ದರೆ ಡಿಸ್ಕ್‌ನ ಮೊದಲ ಮೂರು ಪಿನ್‌ಗಳ ಮೇಲೆ ಶಾಖ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ಅಂಟಿಸಿದರೂ ಕೆಲಸ ಆಗುತ್ತದೆ.

ತೀರಾ ಹಳೆಯ ಯಂತ್ರದ ಅಂಕಿಗಳು

ಸಾಟಾಗಿಂತ ಮುಂಚಿನ, ಅಗಲ ಕೇಬಲ್ಲಿನ ಐಡಿಇ ಕಾಲದ ಯಂತ್ರವಾದರೆ ಇವನ್ನು ನೆನಪಿಡಿ. 504 ಎಂಬಿಯಲ್ಲಿ ನಿಂತರೆ ಬಯೋಸ್ ಇನ್ನೂ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ಎಂಬ ಹಳೆಯ ಎಣಿಕೆಯಲ್ಲಿದೆ. 7.8 ಜಿಬಿಯಲ್ಲಿ, ಅಂದರೆ ಡಿಸ್ಕ್ ಕಂಪನಿಯ ಲೆಕ್ಕದ 8.4ರಲ್ಲಿ ನಿಂತರೆ, ಹೆಡ್ 255ರವರೆಗೆ ಬೆಳೆದಿದೆ, ಸಿಲಿಂಡರ್ ಇನ್ನೂ 1024 ದಾಟಿಲ್ಲ. 31.5 ಜಿಬಿಯದು ಬೇರೆ ರೀತಿ. 1999ಕ್ಕಿಂತ ಹಿಂದಿನ ಕೆಲವು ಅವಾರ್ಡ್ ಬಯೋಸ್‌ಗಳು ಅದಕ್ಕಿಂತ ದೊಡ್ಡ ಡಿಸ್ಕ್ ಕಂಡರೆ ಕಡಿಮೆ ತೋರಿಸುವುದೂ ಇಲ್ಲ, ಡಿಟೆಕ್ಟ್ ಮಾಡುವ ಹಂತದಲ್ಲೇ ಪರದೆ ಹಾಗೇ ನಿಂತುಬಿಡುತ್ತದೆ. ಡಿಸ್ಕ್ ಕಿತ್ತರೆ ಸರಾಗ ಓಡುತ್ತದೆ. ಡಿಸ್ಕ್‌ನಲ್ಲಿ 32 ಜಿಬಿಗೆ ಇಳಿಸುವ ಜಂಪರ್ ಇದ್ದರೆ ಹಾಕಿ, ಇಲ್ಲವೇ ಬಯೋಸ್ ಅಪ್‌ಡೇಟ್ ಹುಡುಕಿ.

ವಿಂಡೋಸ್ 98ರಲ್ಲಿ ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್‌ನಲ್ಲಿ 80 ಜಿಬಿ ಡಿಸ್ಕ್ ಹತ್ತು ಜಿಬಿ ಚಿಲ್ಲರೆ ಎಂದು ಕಂಡರೆ ಅದು ಎಫ್‌ಡಿಸ್ಕ್‌ನ ಸ್ವಂತ ತಪ್ಪು. 64 ಜಿಬಿ ದಾಟಿದೊಡನೆ ಅದರ ಲೆಕ್ಕ ಸೊನ್ನೆಯಿಂದ ಮತ್ತೆ ಶುರುವಾಗುತ್ತದೆ. ಮೈಕ್ರೋಸಾಫ್ಟ್ ಇದಕ್ಕೆ ತಿದ್ದಿದ ಎಫ್‌ಡಿಸ್ಕ್ ಕೊಟ್ಟಿತ್ತು.

128 ಜಿಬಿ: ಸದ್ದಿಲ್ಲದೆ ಕೊಲ್ಲುವ ಮಿತಿ

ಇದರ ಬಳಿ ಸ್ವಲ್ಪ ನಿಲ್ಲಬೇಕು. ಉಳಿದ ಮಿತಿಗಳು ಜಾಗ ಕಡಿಮೆ ಮಾಡುತ್ತವೆ. ಇದು ಇರುವ ಫೈಲನ್ನೇ ತಿನ್ನುತ್ತದೆ.

ಡಿಸ್ಕ್ ಮತ್ತು ಸಿಸ್ಟಮ್ ಮಾತಾಡುವ ನಿಯಮಕ್ಕೆ ಎಟಿಎ ಎಂದು ಹೆಸರು, ಹಳೆಯ ಎಟಿಎಯಲ್ಲಿ ಸೆಕ್ಟರ್ ಸಂಖ್ಯೆಗೆ 28 ಬಿಟ್. 2ನ್ನು 28 ಸಲ ಗುಣಿಸಿದರೆ 26,84,35,456 ಸೆಕ್ಟರ್, ಒಂದೊಂದಕ್ಕೆ 512 ಬೈಟ್, ಒಟ್ಟು ಡಿಸ್ಕ್ ಕಂಪನಿಯ ಲೆಕ್ಕದಲ್ಲಿ 137 ಜಿಬಿ, ವಿಂಡೋಸ್ ಲೆಕ್ಕದಲ್ಲಿ 128. 2002ರ ಎಟಿಎ-6 ಮಾನದಂಡ ಇದನ್ನು 48 ಬಿಟ್‌ಗೆ ಏರಿಸಿತು, ಈಗ 14 ಕೋಟಿ ಜಿಬಿವರೆಗೆ ತಕರಾರಿಲ್ಲ. ಆದರೆ 2001ರಲ್ಲಿ ಬಂದ ಮೂಲ ಎಕ್ಸ್‌ಪಿ ಸಿಡಿಯಲ್ಲಿ ಈ ಸೌಲಭ್ಯ ಚಾಲೂ ಇರಲಿಲ್ಲ. ಮೈಕ್ರೋಸಾಫ್ಟ್ ಆಮೇಲೆ ಕೊಟ್ಟ ತಿದ್ದುಪಡಿಗಳ ಕಟ್ಟು, ಅಂದರೆ ಸರ್ವಿಸ್ ಪ್ಯಾಕ್ 1ರಿಂದ ಬಂತು. ವಿಂಡೋಸ್ 2000ಕ್ಕೆ ಸರ್ವಿಸ್ ಪ್ಯಾಕ್ 3 ಹಾಕಿದ ಮೇಲೂ ರಿಜಿಸ್ಟ್ರಿಯಲ್ಲಿ ಎನೇಬಲ್‌ಬಿಗ್‌ಎಲ್‌ಬಿಎ ಎಂಬುದನ್ನು 1 ಮಾಡಬೇಕು. ವಿಂಡೋಸ್ 98ರ ಮೂಲ ಡ್ರೈವರಿಗೆ ಇದು ಗೊತ್ತೇ ಇಲ್ಲ.

ಅದೇ ಸಿಸ್ಟಮ್‌ನಲ್ಲಿ ಪಾರ್ಟಿಷನ್ ಮಾಡಿದರೆ 128ಕ್ಕಿಂತ ಹೆಚ್ಚು ಕಾಣುವುದೇ ಇಲ್ಲ, ಜಾಗ ಹೋದರೂ ಜೀವ ಉಳಿಯುತ್ತದೆ. ಅಪಾಯ ಇರುವುದು ಬೇರೆ ಹೊಸ ಸಿಸ್ಟಮ್‌ನಲ್ಲಿ ಪೂರ್ತಿ ಡಿಸ್ಕ್‌ಗೆ ಒಂದೇ ಪಾರ್ಟಿಷನ್ ಮಾಡಿ ಇಲ್ಲಿಗೆ ತಂದು ಕೂರಿಸಿದಾಗ. ಅಥವಾ ಸರ್ವಿಸ್ ಪ್ಯಾಕ್ ಇದ್ದ ಎಕ್ಸ್‌ಪಿ ಕೆಟ್ಟಿತೆಂದು ಮೂಲ ಸಿಡಿಯಿಂದ ಮತ್ತೆ ಇನ್‌ಸ್ಟಾಲ್ ಮಾಡಿದಾಗ.

ಒಂದು ಮುದ್ರಣಾಲಯದಲ್ಲಿ ಹೀಗೇ ಆಯಿತು. ಪೆಂಟಿಯಮ್ 4, ಮೂಲ ಎಕ್ಸ್‌ಪಿ, 250 ಜಿಬಿಯ ಎರಡನೇ ಡಿಸ್ಕ್. ಅಂಗಡಿಯಲ್ಲೇ ಫಾರ್ಮ್ಯಾಟ್ ಹೊಡೆದು ಕೊಟ್ಟಿದ್ದರು, ಪೂರ್ತಿ 232 ಜಿಬಿಗೆ ಒಂದೇ ಪಾರ್ಟಿಷನ್. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಮದುವೆ ಸೀಸನ್ ಬಂದು ಫೋಟೋಗಳು ತುಂಬತೊಡಗಿದ ವಾರ ಯಜಮಾನರು ಕರೆ ಮಾಡಿದರು. “ನೋಡಪ್ಪಾ, ಬೆಳಗ್ಗೆವರೆಗೂ ಸರಿ ಇತ್ತು. ಈಗ ಫೋಲ್ಡರ್ ಹೆಸರೆಲ್ಲ ಚೌಕ ಚೌಕ ಕಾಣ್ತಿದೆ. ರೀಸ್ಟಾರ್ಟ್ ಮಾಡ್ಲಾ?”

“ಬೇಡ ಸಾರ್, ಮೇನ್ ಸ್ವಿಚ್ ಆರಿಸಿಬಿಡಿ” ಎನ್ನುವಷ್ಟರಲ್ಲಿ ಅವರು ರೀಸ್ಟಾರ್ಟ್ ಮಾಡಿ ಆಗಿತ್ತು. ನಾನು ಹೋದಾಗ ಆ ಡಿಸ್ಕ್‌ಗೆ ಪಾರ್ಟಿಷನ್ನೇ ಇರಲಿಲ್ಲ.

ಡಿಸ್ಕ್ ಬಿಚ್ಚಿ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಹಾಕಿ ಮೊದಲ ಸೆಕ್ಟರ್ ತೆರೆದೆ. ಅದರ ಕೊನೆಯ ಎರಡು ಬೈಟ್ 55 ಎಎ ಇರಬೇಕು, ಪಾರ್ಟಿಷನ್ ಟೇಬಲ್ಲಿನ ಗುರುತು ಅದು. ಅಲ್ಲಿ ಅದಿರಲಿಲ್ಲ. ಸೆಕ್ಟರಿನ ತುಂಬ ಯಾವುದೋ ಚಿತ್ರದ ಚೂರು. ಸ್ಕೂಟರಿನ ಮೀಟರು 99999 ಆದ ಮೇಲೆ 00000ಕ್ಕೆ ಬರುತ್ತದಲ್ಲ, ಅದೇ ಇಲ್ಲಿ ನಡೆದದ್ದು. 128 ಜಿಬಿ ದಾಟಿದ ವಿಳಾಸಕ್ಕೆ ಬರೆ ಎಂದು ವಿಂಡೋಸ್ ಹೇಳಿದೆ, ಡ್ರೈವರ್ 28 ಬಿಟ್ ಮಾತ್ರ ಉಳಿಸಿಕೊಂಡು ಮೇಲಿನ ಬಿಟ್ ಬಿಟ್ಟಿದೆ, ಡಿಸ್ಕ್ ಅದನ್ನು ಸೊನ್ನೆಯಿಂದ ಎಣಿಸಿ ಬರೆದಿದೆ. ಫೋಟೋ ಸೇವ್ ಆಯಿತು ಎಂದು ಪರದೆ ಹೇಳುತ್ತಲೇ ಇತ್ತು. ಅದು ಸೇವ್ ಆದದ್ದು ಡಿಸ್ಕ್‌ನ ನೆತ್ತಿಯ ಮೇಲೆ.

ಇಂಥ ಲಕ್ಷಣ ಕಂಡರೆ ಆ ಕ್ಷಣ ಕರೆಂಟ್ ತೆಗೆಯಿರಿ, ಶಟ್‌ಡೌನ್ ಕೂಡ ಬೇಡ. ಹಾಗೂ ರೀಸ್ಟಾರ್ಟ್ ಆಗಿಬಿಟ್ಟರೆ ನೀಲಿ ಪರದೆಯ ಮೇಲೆ ಚೆಕ್‌ಡಿಸ್ಕ್ ಶುರುವಾಗುತ್ತದೆಂದು ಸೆಕೆಂಡುಗಳು ಇಳಿಯುವುದು ಕಾಣುತ್ತದೆ, ಯಾವುದಾದರೂ ಕೀ ಒತ್ತಿ ನಿಲ್ಲಿಸಿ. ಚೆಕ್‌ಡಿಸ್ಕ್ ಕೂಡ ಅದೇ ಕುರುಡು ಡ್ರೈವರ್ ಮೂಲಕವೇ ಬರೆಯುವುದು. ರಿಪೇರಿ ಮಾಡಲು ಹೋಗಿ ಉಳಿದದ್ದನ್ನೂ ಕೆಡಿಸುತ್ತದೆ. 48 ಬಿಟ್ ಬಲ್ಲ ಬೇರೆ ಸಿಸ್ಟಮ್‌ಗೆ ಹಾಕಿ, ಡಿಡಿರೆಸ್ಕ್ಯೂದಿಂದ ಇಡೀ ಡಿಸ್ಕ್‌ನ ಪ್ರತಿ ಇನ್ನೊಂದು ಡಿಸ್ಕ್‌ಗೆ ಇಳಿಸಿ, ಹುಡುಕಾಟವನ್ನು ಆ ಪ್ರತಿಯ ಮೇಲೆ ಮಾಡಿ. ಆ ಮುದ್ರಣಾಲಯದ್ದು ಫೋಟೋರೆಕ್‌ನಿಂದ ಬಹುಪಾಲು ಚಿತ್ರ ಸಿಕ್ಕವು, ಹೆಸರು ಮಾತ್ರ ಹೋಗಿದ್ದವು. ಯಾರ ಮದುವೆಯ ಫೋಟೋ ಯಾವುದು ಎಂದು ಯಜಮಾನರೂ ಅವರ ಮಗಳೂ ಒಂದೊಂದಾಗಿ ಮುಖ ನೋಡಿ ವಿಂಗಡಿಸುತ್ತ ಕೂತದ್ದು ನನಗೆ ಇನ್ನೂ ಮರೆತಿಲ್ಲ.

ಆಗುವ ಮುನ್ನ ತಪಾಸಣೆ ಸುಲಭ. ರನ್‌ನಲ್ಲಿ ವಿನ್‌ವರ್ ಎಂದು ಟೈಪ್ ಮಾಡಿದರೆ ಸರ್ವಿಸ್ ಪ್ಯಾಕ್ ಯಾವುದೆಂದು ತೋರಿಸುತ್ತದೆ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 3 ಹಾಕುವವರೆಗೆ 128 ಜಿಬಿ ದಾಟುವ ಪಾರ್ಟಿಷನ್ ಇಟ್ಟುಕೊಳ್ಳಬೇಡಿ. ಡಿಸ್ಕ್ ಇನ್ನೂ ಖಾಲಿ ಇರುವಾಗ ಎಚ್‌2ಟೆಸ್ಟ್‌ಡಬ್ಲ್ಯೂ ಓಡಿಸಿ. ಅದು ಪೂರ್ತಿ ಜಾಗ ತುಂಬಿಸಿ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಮೀಟರು ಸೊನ್ನೆಗೆ ತಿರುಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸಮಯ ಹಿಡಿಯುತ್ತದೆ ನಿಜ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 30 ಎಂಬಿ ಎಂದು ಹಿಡಿದರೂ 2 ಟಿಬಿ ಬರೆಯಲು 18 ಗಂಟೆ, ಓದಲು ಇನ್ನಷ್ಟು. ರಾತ್ರಿ ಹಾಕಿ ಮಲಗಿ.

ಇನ್ನೊಂದು ಮುಖವೂ ಇದಕ್ಕಿದೆ. ವಿಂಡೋಸ್ ಸರಿಯಿದೆ, ಬಯೋಸ್ ಮಾತ್ರ 28 ಬಿಟ್‌ನದು. ಬೂಟ್ ಆಗುವ ಮೊದಲ ಕೆಲವು ಕ್ಷಣ ಓದುವುದೆಲ್ಲ ಬಯೋಸ್ ಮೂಲಕ. ಬೂಟ್‌ಗೆ ಬೇಕಾದ ಫೈಲ್ ಅಪ್‌ಡೇಟ್ ಆಗಿ 128ರ ಆಚೆ ಹೋಗಿ ಕೂತರೆ, ನಿನ್ನೆವರೆಗೆ ಓಡಿದ ಸಿಸ್ಟಮ್ ಇಂದು ಡಿಸ್ಕ್ ರೀಡ್ ಎರರ್ ಎಂದು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಬೂಟ್ ಮಾಡಿಸುವ ಗ್ರಬ್ ಎಂಬ ಪ್ರೋಗ್ರಾಂ, ಡಿಸ್ಕ್‌ನ ಆಚೆ ಓದಲು ಹೋದೆ ಎಂಬ ಅರ್ಥದ ಎರರ್ ಕೊಡುತ್ತದೆ. ಡಿಸ್ಕ್ ಕೆಟ್ಟಿಲ್ಲ. ಡಿಸ್ಕ್‌ನ ಆರಂಭದಲ್ಲೇ ವಿಂಡೋಸ್‌ಗೆ 40 ಜಿಬಿಯ ಪ್ರತ್ಯೇಕ ಪಾರ್ಟಿಷನ್, ಲಿನಕ್ಸ್ ಆದರೆ ಬೂಟ್‌ಗೊಂದು ಸಣ್ಣ ಪಾರ್ಟಿಷನ್ ಇಟ್ಟರೆ ಈ ಕಾಟ ಮತ್ತೆ ಬರುವುದಿಲ್ಲ.

746 ಜಿಬಿಯ ಒಗಟು

3 ಟಿಬಿ ಡಿಸ್ಕ್ ಹಾಕಿದವರಿಗೆ ಈ ಅಂಕಿ ಎದುರಾಗುತ್ತದೆ. 32 ಬಿಟ್‌ನಲ್ಲಿ ಎಣಿಸಬಹುದಾದದ್ದು 4,29,49,67,296 ಸೆಕ್ಟರ್, ಅಂದರೆ 2.2 ಟಿಬಿ, ವಿಂಡೋಸ್ ಲೆಕ್ಕದ 2048 ಜಿಬಿ. 3 ಟಿಬಿ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ 2794. ಕಳೆಯಿರಿ, 746 ಉಳಿಯುತ್ತದೆ.

ಈ 746 ಎರಡು ವೇಷದಲ್ಲಿ ಬರುತ್ತದೆ. ಇಡೀ ಡಿಸ್ಕೇ 746 ಜಿಬಿ ಎಂದು ಕಂಡರೆ ನಡುವಿನ ಡ್ರೈವರ್ ಅಥವಾ ಯುಎಸ್‌ಬಿ ಡಾಕ್‌ನ ಚಿಪ್ 32 ಬಿಟ್‌ನದು, ಮೀಟರು ಸುತ್ತಿಬಿಟ್ಟಿದೆ. ಇಂಟೆಲ್‌ನ ಹಳೆಯ ರೈಡ್ ಡ್ರೈವರ್‌ಗಳಲ್ಲಿ ಇದು ಇತ್ತು, ಹೊಸ ಆವೃತ್ತಿ ಹಾಕಿದರೆ ಸರಿಹೋಗುತ್ತದೆ. ಡಾಕ್ ಆದರೆ ಡಾಕನ್ನೇ ಬದಲಿಸಿ. ಆ ಸ್ಥಿತಿಯಲ್ಲಿ ಡಿಸ್ಕ್ ಮೇಲೆ ಏನನ್ನೂ ಬರೆಯಬೇಡಿ. ಅದೇ ಕಾಯಿಲೆಯಲ್ಲಿ 4 ಟಿಬಿ ಡಿಸ್ಕ್ 1678 ಜಿಬಿ ಎಂದು ಕಾಣುತ್ತದೆ. ಇದಕ್ಕೆ ಬದಲು 2048 ಜಿಬಿ ಒಂದು ತುಂಡು, 746 ಜಿಬಿ ಬಳಸಲಾಗದ ಇನ್ನೊಂದು ತುಂಡು ಎಂದು ಕಂಡರೆ ಹೆದರಬೇಕಿಲ್ಲ. ಡ್ರೈವರ್ ಸರಿಯಿದೆ, ಪಾರ್ಟಿಷನ್ ಟೇಬಲ್ ಮಾತ್ರ 32 ಬಿಟ್‌ನಲ್ಲಿ ಎಣಿಸುವ ಹಳೆಯ ಎಂಬಿಆರ್ ಬಗೆಯದು. ಡೇಟಾ ಬೇರೆಡೆ ತೆಗೆದಿಟ್ಟು ಹೊಸ ಬಗೆಯ ಟೇಬಲ್ ಆದ ಜಿಪಿಟಿಗೆ ಬದಲಿಸಿ.

ಜಿಪಿಟಿ ಡೇಟಾ ಡಿಸ್ಕನ್ನು ವಿಸ್ಟಾ ಮತ್ತು ಅದರ ನಂತರದ ವಿಂಡೋಸ್‌ಗಳೆಲ್ಲ ಓದುತ್ತವೆ, ಬಯೋಸ್ ಎಷ್ಟೇ ಹಳೆಯದಿರಲಿ. ಆದರೆ ಅದರಿಂದ ವಿಂಡೋಸ್ ಬೂಟ್ ಆಗಲು ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಬೇಕು. ಲಿನಕ್ಸ್‌ಗೆ ಆ ಹಂಗಿಲ್ಲ, ಬಯೋಸ್ ಬೂಟ್ ಎಂಬ 1 ಎಂಬಿಯ ಪಾರ್ಟಿಷನ್ ಮಾಡಿಕೊಟ್ಟರೆ ಗ್ರಬ್ 2 ಸಾಮಾನ್ಯವಾಗಿ ಹಳೆಯ ಬಯೋಸ್‌ನಲ್ಲೂ ಜಿಪಿಟಿ ಡಿಸ್ಕ್‌ನಿಂದ ಏಳುತ್ತದೆ. 32 ಬಿಟ್ ಎಕ್ಸ್‌ಪಿ ಜಿಪಿಟಿಯನ್ನು ಓದುವುದೇ ಇಲ್ಲ. ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್ ಎಂದು ತೋರಿಸಿ ಕೈಕಟ್ಟಿ ಕೂರುತ್ತದೆ. ಅದು ಡಿಸ್ಕ್‌ನ ದೋಷವಲ್ಲ, ಅಳಿಸಲು ಹೋಗಬೇಡಿ.

ಡಾಕ್‌ನಲ್ಲಿ ಸರಿ, ಒಳಗೆ ಹಾಕಿದರೆ ಖಾಲಿ

ಕೆಲವು ಯುಎಸ್‌ಬಿ ಡಾಕ್‌ಗಳು ಎಕ್ಸ್‌ಪಿಗೆ ಸಹಾಯವಾಗಲೆಂದು 512 ಬೈಟ್‌ನ ಎಂಟು ಸೆಕ್ಟರ್ ಸೇರಿಸಿ 4096 ಬೈಟ್‌ನ ಒಂದು ಎಂದು ತೋರಿಸುತ್ತವೆ. ಎಣಿಕೆ ಎಂಟರಲ್ಲಿ ಒಂದಕ್ಕೆ ಇಳಿಯುವುದರಿಂದ ಎಂಬಿಆರ್‌ನಲ್ಲೇ 2 ಟಿಬಿ ಮೀರಬಹುದು. ಅದೇ ಡಿಸ್ಕನ್ನು ಬಿಚ್ಚಿ ನೇರ ಸಾಟಾಗೆ ಹಾಕಿದಾಗ ಎಣಿಕೆ 512ಕ್ಕೆ ಮರಳುತ್ತದೆ, ಟೇಬಲ್ಲಿನ ಎಲ್ಲ ವಿಳಾಸವೂ ತಪ್ಪುತ್ತದೆ, ವಿಂಡೋಸ್ ಡಿಸ್ಕ್ ಖಾಲಿ ಎನ್ನುತ್ತದೆ. ಫೈಲ್ ಎಲ್ಲೂ ಹೋಗಿಲ್ಲ. ಮತ್ತೆ ಅದೇ ಡಾಕ್‌ಗೆ ಹಾಕಿ, ಡೇಟಾ ಬೇರೆಡೆ ಇಳಿಸಿಕೊಂಡು, ಆಮೇಲೆ ಒಳಗೆ ಕೂರಿಸಿ ಹೊಸದಾಗಿ ಪಾರ್ಟಿಷನ್ ಮಾಡಿ.

ಡಿಸ್ಕ್ ಪೂರ್ತಿ ಕಾಣುತ್ತದೆ, ಆದರೆ ಆಮೆ ವೇಗ ಎನ್ನುವುದೂ ಇದರ ಸಂಬಂಧಿಯೇ. 2010ರ ಈಚಿನ ಡಿಸ್ಕ್‌ಗಳು ಒಳಗೆ 4096 ಬೈಟ್‌ನಲ್ಲಿ ಬರೆಯುತ್ತವೆ. ಎಕ್ಸ್‌ಪಿ ಪಾರ್ಟಿಷನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ, 63 ಎಂಟರಿಂದ ಭಾಗವಾಗುವುದಿಲ್ಲ. ಪ್ರತಿ ಬರಹವೂ ಎರಡು ಸೆಕ್ಟರಿನ ಮೇಲೆ ಕಾಲಿಟ್ಟು, ಡಿಸ್ಕ್ ಎರಡೆರಡು ಸಲ ದುಡಿಯುತ್ತದೆ. ಜಿಪಾರ್ಟೆಡ್‌ನಲ್ಲಿ ಎಂಐಬಿ ಅಲೈನ್‌ಮೆಂಟ್ ಆರಿಸಿ ಪಾರ್ಟಿಷನ್ ಮಾಡಿಟ್ಟು, ಆಮೇಲೆ ಎಕ್ಸ್‌ಪಿಗೆ ಕೊಡಿ.

ನಾನು ಈಗ ಮಾಡುವುದು

ಆ ಮುದ್ರಣಾಲಯದ ಸಿಸ್ಟಮ್‌ನಲ್ಲಿ ಈಗ 80 ಜಿಬಿಯ ಒಂದೇ ಡಿಸ್ಕ್ ಇದೆ, ಪೇಜ್‌ಮೇಕರ್ ಮತ್ತು ಫಾಂಟ್‌ಗಳಿಗೆ ಅಷ್ಟು ಧಾರಾಳ ಸಾಕು. 4 ಟಿಬಿ ಡಿಸ್ಕನ್ನು ಪಕ್ಕದ ಇನ್ನೊಂದು ಲಿನಕ್ಸ್ ಸಿಸ್ಟಮ್‌ಗೆ ಹಾಕಿ, ಫೈಲುಗಳನ್ನು ವಿಂಡೋಸ್‌ನೊಡನೆ ಹಂಚುವ ಸಾಂಬಾ ಎಂಬ ಪ್ರೋಗ್ರಾಂ ಮೂಲಕ ನೆಟ್‌ವರ್ಕ್ ಡ್ರೈವ್ ಆಗಿ ಕೊಟ್ಟಿದ್ದೇನೆ. ನೆಟ್‌ವರ್ಕ್‌ನಲ್ಲಿ ಎಕ್ಸ್‌ಪಿ ಸೆಕ್ಟರ್ ಎಣಿಸುವುದಿಲ್ಲ, ಫೈಲ್ ಹೆಸರು ಹೇಳಿ ಕೇಳುತ್ತದೆ ಅಷ್ಟೆ. 128ರ ಮಿತಿಯೂ ಇಲ್ಲ, 2048ರ ಮಿತಿಯೂ ಇಲ್ಲ. ಹೀಗೆ ಫೈಲ್ ಹಂಚುವ ಭಾಷೆ ಎಸ್‌ಎಂಬಿ, ಎಕ್ಸ್‌ಪಿಗೆ ಅದರ ಹಳೆಯ ಎಸ್‌ಎಂಬಿ 1 ಮಾತ್ರ ಗೊತ್ತಿರುವುದರಿಂದ ಸಾಂಬಾದಲ್ಲಿ ಕನಿಷ್ಠ ಪ್ರೋಟೋಕಾಲ್ ಎನ್‌ಟಿ1 (ಎಸ್‌ಎಂಬಿ 1ಕ್ಕೆ ಅಲ್ಲಿನ ಹೆಸರು) ಎಂದು ಇಳಿಸಬೇಕಾಯಿತು. ಅದು ಸುರಕ್ಷಿತವಲ್ಲದ ಹಳೆಯ ಪ್ರೋಟೋಕಾಲ್. ಹಾಗಾಗಿ ಆ ಎರಡು ಸಿಸ್ಟಮ್‌ಗಳ ನಡುವೆ ಒಂದೇ ಕೇಬಲ್ ಎಳೆದಿದ್ದೇನೆ, ಇಂಟರ್‌ನೆಟ್‌ನ ನಂಟು ಎರಡಕ್ಕೂ ಇಲ್ಲ.

ಕ್ಯಾಬಿನೆಟ್‌ನ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿದ್ದೇನೆ. ಬೋರ್ಡ್‌ನ ಚಿಪ್ ಹೆಸರು, ಬಯೋಸ್ ದಿನಾಂಕ, ಸರ್ವಿಸ್ ಪ್ಯಾಕ್ ಯಾವುದು, ಎಷ್ಟು ಜಿಬಿವರೆಗೆ ಪರೀಕ್ಷಿಸಿದೆ ಎಂಬುದು ಅದರಲ್ಲಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, ಹೊರಗೆ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಇದರಲ್ಲಿ ಹಾಕಬೇಡಿ ಎಂದು ಬರೆದಿದೆ. ಮುಂದೆ ಇದನ್ನು ತೆರೆಯುವವರು ನಾನೇ ಆಗಿರಬೇಕೆಂದಿಲ್ಲ.